ಅವರನ್ನೇ ಕೇಳಿ

೧೮ ಸೆಪ್ಟೆಂಬರ್ ೨೦೧೭, ಸೋಮವಾರ

ಅತ್ತೆ ಬದುಕಿದ್ದಾರೆ. ಇದನ್ನು ಮೊದಲು ಬರೆದುಬಿಡುತ್ತೇನೆ, ಉಳಿದದ್ದು ಆಮೇಲೆ.

ತಂಗಿಯ ಸೀಮಂತಕ್ಕೆಂದು ಕುಷ್ಟಗಿಗೆ ಹೋಗಿದ್ದೆ. ಹೊರಡುವ ಮೊದಲು ಅತ್ತೆಯ ಮಾತ್ರೆಗಳನ್ನು ಎರಡು ಕವರಿನಲ್ಲಿ ಹಾಕಿ, ಒಂದರ ಮೇಲೆ ಬೆಳಿಗ್ಗೆ, ಇನ್ನೊಂದರ ಮೇಲೆ ರಾತ್ರಿ ಎಂದು ದಪ್ಪಗೆ ಬರೆದಿಟ್ಟಿದ್ದೆ. ಸಕ್ಕರೆ ಕಾಯಿಲೆಯ ಮಾತ್ರೆ ಬೆಳಿಗ್ಗೆ, ಬಿಪಿಯದು ರಾತ್ರಿ. ಕೊಡಬೇಕಾದವರು ನನ್ನ ಗಂಡ. ಇವರಿಗೆ ಓದಲು ಬರುವುದಿಲ್ಲ. ಆದರೆ ಬಿಳಿಯದು ಸಕ್ಕರೆಗೆ, ಗುಲಾಬಿಯದು ಬಿಪಿಗೆ ಎಂದು ಬಣ್ಣದಿಂದ ಗೊತ್ತಿತ್ತು. ಈ ಸಲ ಸರ್ಕಾರಿ ಆಸ್ಪತ್ರೆಯ ಕೌಂಟರಿನಲ್ಲಿ ಬೇರೆ ಕಂಪನಿಯ ಮಾತ್ರೆ ಕೊಟ್ಟಿದ್ದರು. ಎರಡೂ ಬಿಳಿ, ಹೊರಡುವ ಗಡಿಬಿಡಿಯಲ್ಲಿ ನನಗದು ಹೊಳೆದಿರಲಿಲ್ಲ.

ಬೆಳಗಿನದನ್ನು ರಾತ್ರಿ ಕೊಟ್ಟಿದ್ದಾರೆ. ಅತ್ತೆ ರಾತ್ರಿ ಉಣ್ಣುವುದು ಒಂದು ಹಿಡಿ ಅನ್ನ. ನಿನ್ನೆ ಬೆಳಗಿನ ಜಾವ ಬಚ್ಚಲಿನಲ್ಲಿ ಬಿದ್ದು, ಬಲಗೈ ಮಣಿಕಟ್ಟು ಮುರಿದುಕೊಂಡಿದ್ದಾರೆ. ಸಕ್ಕರೆ ಅಂಶ ಪೂರ್ತಿ ಇಳಿದುಹೋಗಿತ್ತಂತೆ. ಮನೆ ಮಾಲೀಕರಾದ ಚಿಕ್ಕಬೈರಪ್ಪನವರ ಹೆಂಡತಿ ಮುನಿಯಕ್ಕ ಸದ್ದು ಕೇಳಿ ಬಂದು ಆಟೋ ಹಿಡಿಯದಿದ್ದರೆ ಇಷ್ಟೊತ್ತಿಗೆ ಏನಾಗಿರುತ್ತಿತ್ತೋ.

ನಾನು ಬಸ್ಸಿಳಿದು ನೇರ ಆಸ್ಪತ್ರೆಗೆ ಹೋದೆ. ಮಾತ್ರೆ ಕೊಟ್ಟವರು ಯಾರು ಎಂದು ಡಾಕ್ಟರು ಕೇಳಿದರು. ಇವರು ನೆಲ ನೋಡುತ್ತಾ ನಿಂತಿದ್ದರು. ನಾನೇ ಹೇಳಿದೆ, ಕವರಿನ ಮೇಲೆ ಬರೆದದ್ದು ನೀರು ಬಿದ್ದು ಅಳಿಸಿಹೋಗಿತ್ತು ಎಂದು. ಇಂಥ ಮಾತು ನನ್ನ ಬಾಯಿಗೆ ಸಲೀಸಾಗಿ ಬರುತ್ತದೆ. ಬ್ಯಾಂಕಿನಲ್ಲಿ ಕನ್ನಡಕ ಮರೆತಿದ್ದಾರೆ, ರೇಷನ್ ಅಂಗಡಿಯಲ್ಲಿ ಕೈಗೆ ನೋವಾಗಿದೆ. ಮದುವೆಯಾಗಿ ಹದಿನಾಲ್ಕು ವರ್ಷದಿಂದ ಇದೇ.

ಸಿಟ್ಟು ಬಂದಿರುವುದು ತಪ್ಪು ಮಾತ್ರೆ ಕೊಟ್ಟದ್ದಕ್ಕಲ್ಲ. ಅನುಮಾನ ಬಂದಿತ್ತಂತೆ. ಮಹಡಿ ಹತ್ತಿ ಮುನಿಯಕ್ಕನನ್ನು ಒಂದು ಮಾತು ಕೇಳಬಹುದಿತ್ತು. ಕೇಳಿದರೆ ಓದಲು ಬರುವುದಿಲ್ಲ ಎಂದು ಗೊತ್ತಾಗುತ್ತದಲ್ಲ, ಅದಕ್ಕೆ ಕೇಳಲಿಲ್ಲ.

೨೩ ಸೆಪ್ಟೆಂಬರ್, ಶನಿವಾರ

ಅತ್ತೆ ಮನೆಗೆ ಬಂದರು. ಕೈಗೆ ಪಟ್ಟಿ. ತುತ್ತು ನಾನೇ ಹಾಕಬೇಕು, ತಲೆ ನಾನೇ ಬಾಚಬೇಕು. ಮನೆಯಲ್ಲಿ ಇರುವುದೇ ನಾವು ಮೂವರು, ಮಕ್ಕಳಿಲ್ಲ. ನಾನು ನಸುಕಿನಲ್ಲೇ ಪೀಣ್ಯದ ಗಾರ್ಮೆಂಟ್ಸಿಗೆ ಹೋದರೆ ಬರುವುದು ಸಂಜೆ. ಇವರು ಮಾದನಾಯಕನಹಳ್ಳಿಯ ಗೋಡೌನಿನಲ್ಲಿ ಲಾರಿಗೆ ಮಾಲು ಏರಿಸಿ ಇಳಿಸುವವರು. ಪಾಳಿ ಒಂದೊಂದು ವಾರ ಒಂದೊಂದು ಥರ. ನಾನಿಲ್ಲದ ಹೊತ್ತಿನಲ್ಲಿ ಅತ್ತೆಯ ಔಷಧಿ ಇವರ ಕೈಯಲ್ಲೇ.

ಅದು ಇನ್ನು ಸಾಧ್ಯವಿಲ್ಲ ಎಂದು ಇವತ್ತು ಹೇಳಿಬಿಟ್ಟೆ. ಗಂಗಾವತಿಯಲ್ಲಿರುವ ನಾದಿನಿ ನೀಲಾಂಬಿಕಾಗೆ ಫೋನ್ ಮಾಡಿದೆ. ಸುಗ್ಗಿ ಮುಗಿಯಲಿ, ಯುಗಾದಿ ಆದ ಮೇಲೆ ಅವ್ವನನ್ನು ಕಳಿಸಿ, ನಾನೇ ಇಟ್ಟುಕೊಳ್ಳುತ್ತೇನೆ ಎಂದಳು. ಅಲ್ಲಿಯವರೆಗೆ ಮಾತ್ರೆಗಳನ್ನು ಮುನಿಯಕ್ಕ ಕೊಡುತ್ತಾರೆ.

ಇವರು ಊಟದ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದರು. ಅತ್ತೆಯೇ ನನ್ನನ್ನು ಹತ್ತಿರ ಕರೆದು, ಅವನ ಮ್ಯಾಲ ಸಿಟ್ಟಾಗಬ್ಯಾಡ ಯವ್ವಾ ಎಂದರು. ಬಿದ್ದವರು ಅವರು, ಸಮಾಧಾನ ಹೇಳುವವರೂ ಅವರು.

ಮದುವೆಗೆ ಮೊದಲು ಹುಡುಗ ಹತ್ತನೆಯದರಲ್ಲಿ ಫೇಲು ಎಂದು ಹೇಳಿದ್ದರು. ನಾನು ಪಿಯುಸಿ ಓದಿದವಳು, ಹೊಂದಿಕೊಂಡರಾಯಿತು ಅಂದುಕೊಂಡಿದ್ದೆ. ಒಂದು ತಿಂಗಳಾದ ಮೇಲೆ ಬಸ್ ನಿಲ್ದಾಣದಲ್ಲಿ ಬೋರ್ಡಿನ ಕಡೆಗೆ ಮುಖ ಮಾಡಿಕೊಂಡೇ ನನ್ನನ್ನು ಕೇಳಿದರು, ಯಾ ಊರ ಬಸ್ಸು ಇದು ಎಂದು. ಅಂದೇ ತಿಳಿಯಿತು. ಅಂದಿನಿಂದ ಇವರ ಕಣ್ಣು ನಾನೇ.

೧೧ ಅಕ್ಟೋಬರ್, ಬುಧವಾರ

ಎರಡು ವಾರದಿಂದ ಇವರು ತಡವಾಗಿ ಬರುತ್ತಿದ್ದರು. ಓವರ್‌ಟೈಮ್ ಅಂದುಕೊಂಡಿದ್ದೆ. ಇವತ್ತು ನೀರು ಹಿಡಿಯುವಾಗ ಮುನಿಯಕ್ಕ ಕೇಳಿದರು:

"ನಿಮ್ಮೆಜಮಾನ್ರು ಸಂಜೆ ಒತ್ನಾಗೆ ಇಸ್ಕೂಲ್ ತಾವ ಕುಂತಿರ್ತಾರಲ್ಲಮ್ಮ, ಎಂಗಸ್ರ ಜೊತೆ? ಸಿಲೇಟ್ ಇಡ್ಕಂಡು?"

ಸರ್ಕಾರದ ಸಾಕ್ಷರತಾ ಕೇಂದ್ರವಂತೆ. ಪಂಚಾಯಿತಿ ವತಿಯಿಂದ, ಪ್ರಾಥಮಿಕ ಶಾಲೆಯ ಕೊಠಡಿಯಲ್ಲಿ ನಡೆಯುತ್ತದಂತೆ. ಕಲಿಯುವವರೆಲ್ಲ ಕಟ್ಟಡ ಕೆಲಸದ ಹೆಂಗಸರು, ಅಗರಬತ್ತಿ ಹೊಸೆಯುವವರು. ಅವರ ನಡುವೆ ಇವರೊಬ್ಬರು ಗಂಡಸು. ಬೀದಿಯವರೆಲ್ಲ ನೋಡಿದ್ದಾರೆ. ನಾನು ಇಷ್ಟು ವರ್ಷ ಮುಚ್ಚಿಟ್ಟಿದ್ದನ್ನು ಇವರು ಶಾಲೆಯ ಕಿಟಕಿಯಲ್ಲಿ ತೆರೆದಿಟ್ಟುಕೊಂಡು ಕೂತಿದ್ದಾರೆ.

ಮನೆಗೆ ಬಂದಾಗ ಕೇಳಿದೆ, ಈ ವಯಸ್ಸಿನಲ್ಲಿ ಇದು ಬೇಕಿತ್ತಾ, ನಾನಿಲ್ಲವಾ ಓದಿ ಹೇಳೋದಕ್ಕೆ ಎಂದು. ಇವರು ಚಪ್ಪಲಿ ಬಿಡುತ್ತಾ ಹೇಳಿದರು:

"ಯುಗಾದಿ ತನಕ ಟೈಮ್ ಐತೆಲ್ಲ. ಅಷ್ಟರಾಗ ಎರಡು ಅಕ್ಷರ ಕಲ್ತರ ಅವ್ವ ಇಲ್ಲೇ ಇರ್ತಾಳ."

ಆಗದ ಮಾತು.

೨೦ ಅಕ್ಟೋಬರ್, ಬಲಿಪಾಡ್ಯಮಿ

ಹಬ್ಬಕ್ಕೆ ಹೋಳಿಗೆ ಮಾಡಿದೆ. ಇವರು ಸ್ಲೇಟಿನ ಮೇಲೆ ಅತ್ತೆಯ ಹೆಸರು ಬರೆದು ತೋರಿಸಿದರು. ಹನುಮವ್ವ ಎಂಬುದರಲ್ಲಿ ಮ ಇರಬೇಕಾದ ಕಡೆ ವ, ವ ಇರಬೇಕಾದ ಕಡೆ ಮ. ಒತ್ತು ಯಾವುದಕ್ಕೂ ಸೇರದೆ ಪಕ್ಕದಲ್ಲಿ ನಿಂತಿತ್ತು. ಅತ್ತೆಗೂ ಓದಲು ಬರುವುದಿಲ್ಲವಾದ್ದರಿಂದ ಬಹಳ ಚಂದ ಐತಿ ಎಂದರು. ತಿದ್ದೋಣ ಅಂದುಕೊಂಡೆ. ಹಬ್ಬದ ದಿನ ಬೇಡವೆನಿಸಿತು.

೧೨ ನವೆಂಬರ್, ಭಾನುವಾರ

ಸಾಕ್ಷರತಾ ಕೇಂದ್ರದ ಗಂಗಮ್ಮ ಟೀಚರ್ ಮನೆಗೆ ಬಂದಿದ್ದರು. ಐವತ್ತು ದಾಟಿದವರು, ಗಂಡ ಇಲ್ಲ, ಮಾತು ಮೆತ್ತಗೆ. ಇವರು ಪಾಳಿಗೆ ಹೋಗಿದ್ದ ಹೊತ್ತು ನೋಡಿಯೇ ಬಂದಿದ್ದರು.

ಉಳಿದ ಹೆಂಗಸರೆಲ್ಲ ಕಾಗುಣಿತ ಮುಗಿಸಿ ಪದಗಳಿಗೆ ಬಂದಿದ್ದಾರಂತೆ. ಇವರು ಇನ್ನೂ ಮೊದಲ ಪಾಠದಲ್ಲೇ ಇದ್ದಾರಂತೆ. ನಾನು ತಕ್ಷಣ, ನನಗೆ ಗೊತ್ತಿತ್ತು, ಅವರಿಗೆ ಗಮನ ಕಡಿಮೆ ಎಂದೆ. ಅವರು ತಲೆ ಅಲ್ಲಾಡಿಸಿದರು.

"ಗಮನ ಎಲ್ಲರಿಗಿಂತ ಜಾಸ್ತಿ ಇದೆ ಕಣಮ್ಮ. ಬಾಯಲ್ಲಿ ಹೇಳಿದ ಪಾಠ ಪೂರ್ತಿ ಒಪ್ಪಿಸ್ತಾರೆ. ಅಕ್ಷರ ಮಾತ್ರ ನಿಲ್ಲಲ್ಲ. ಇವತ್ತು ಗುರುತು ಹಿಡಿದ ಅಕ್ಷರ ನಾಳೆ ಹೊಸದಾಗಿರತ್ತೆ ಅವರಿಗೆ. ನನ್ನ ಅಕ್ಕನ ಮಗಂಗೂ ಹಿಂಗೇ ಇತ್ತು. ಅವನನ್ನ ಚಿಕ್ಕವನಿದ್ದಾಗಲೇ ತೋರಿಸಿದ್ವಿ. ಇವರನ್ನ ಯಾರೂ ತೋರಿಸೇ ಇಲ್ಲ."

ಡಿಸ್ಲೆಕ್ಸಿಯಾ ಎನ್ನುತ್ತಾರಂತೆ. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡುತ್ತಾರಂತೆ. ಕಾಗದ ಸಿಕ್ಕರೆ ಮಾರ್ಚಿನಲ್ಲಿ ನಡೆಯುವ ಸಾಕ್ಷರತಾ ಪರೀಕ್ಷೆಯಲ್ಲಿ ಹೆಚ್ಚು ಸಮಯ ಕೇಳಬಹುದು, ಪ್ರಶ್ನೆ ಓದಿ ಹೇಳುವವರನ್ನು ಕೇಳಬಹುದು ಎಂದರು. ನನಗೆ ಹಿಡಿಸಲಿಲ್ಲ. ಓದು ಬರದವರು ಎನ್ನುವುದೇ ಸಾಕಾಗಿದೆ, ಇನ್ನು ಅದಕ್ಕೊಂದು ಕಾಯಿಲೆಯ ಹೆಸರು ಬೇರೆ. ಕಾಫಿ ಕೊಟ್ಟು ಕಳಿಸಿದೆ.

ಅವರು ಹೋದ ಮೇಲೆ ಮೂಲೆಯಲ್ಲಿದ್ದ ಅತ್ತೆ ತಾವಾಗಿಯೇ ಮಾತೆತ್ತಿದರು. ಇವರು ಮೂರನೆಯ ಇಯತ್ತೆಯಲ್ಲಿದ್ದಾಗ ಮಾಸ್ತರರು ಪುಸ್ತಕವನ್ನು ಕೊರಳಿಗೆ ಕಟ್ಟಿ ಶಾಲೆಯ ಕಟ್ಟೆಯ ಮೇಲೆ ಬಿಸಿಲಿಗೆ ನಿಲ್ಲಿಸಿದ್ದರಂತೆ. ಸಂಜೆ ಮನೆಗೆ ಬಂದ ಮಗ, ಯವ್ವಾ, ನನ್ನ ಕಣ್ಣಾಗ ಏನರ ಬಿದ್ದೈತೇನು ನೋಡು ಎಂದು ಎರಡೂ ಕಣ್ಣು ಅಗಲಿಸಿ ತೋರಿಸಿದನಂತೆ. ಅತ್ತೆ ಸೆರಗಿನ ತುದಿಯಿಂದ ಕಣ್ಣು ಒರೆಸಿದರಂತೆ, ಎಣ್ಣೆ ಬಿಟ್ಟರಂತೆ. ಮರುದಿನದಿಂದ ಅವನು ಕುರಿಯ ಹಿಂದೆ ಹೋದ.

"ನನಗೂ ತಿಳೀಲಿಲ್ಲ ನೋಡ. ಕಣ್ಣಾಗ ಏನೂ ಇರಲಿಲ್ಲ" ಎಂದರು.

ಇದನ್ನು ಇಷ್ಟು ವರ್ಷ ನನಗೆ ಯಾರೂ ಹೇಳಿರಲಿಲ್ಲ. ಇವರೂ ಹೇಳಿರಲಿಲ್ಲ.

೫ ಡಿಸೆಂಬರ್, ಮಂಗಳವಾರ

ರಜೆ ಹಾಕಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಗಂಗಮ್ಮ ಟೀಚರ್ ಇನ್ನೊಮ್ಮೆ ಹೇಳಿದರು ಎಂಬ ಕಾರಣಕ್ಕೆ.

ಸಾಲಿನಲ್ಲಿ ಇದ್ದವರೆಲ್ಲ ಮಕ್ಕಳನ್ನು ಕರೆತಂದ ತಾಯಂದಿರು. ಮಗು ಎಲ್ಲಿ ಎಂದು ಚೀಟಿ ಕೊಡುವವನು ಕೇಳಿದ. ನಾನು ಇವರನ್ನು ತೋರಿಸಿದೆ. ಅವನು ನಗಲಿಲ್ಲ, ಅಷ್ಟು ಪುಣ್ಯ.

ಒಳಗೆ ಸಣ್ಣ ಪ್ರಾಯದ ಡಾಕ್ಟರಮ್ಮ. ಕೋಣೆ ಮಕ್ಕಳದು, ಗೋಡೆಯ ಮೇಲೆ ಆನೆ, ಗಿಳಿ. ಮೇಜೂ ಕುರ್ಚಿಯೂ ಮಕ್ಕಳವೇ. ಇವರು ಮೊಣಕಾಲು ಮಡಚಿಕೊಂಡು ಆ ಪುಟ್ಟ ಕುರ್ಚಿಯಲ್ಲಿ ಹೇಗೋ ಕೂತರು. ದೊಡ್ಡವರಿಗೆಂದು ಕನ್ನಡದಲ್ಲಿ ಪರೀಕ್ಷೆಯೇ ತಮ್ಮಲ್ಲಿ ಇಲ್ಲ, ಮಕ್ಕಳದ್ದರಲ್ಲೇ ನೋಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ ಎಂದು ಡಾಕ್ಟರಮ್ಮ ಮೊದಲೇ ಹೇಳಿದರು.

ಎರಡನೆಯ ತರಗತಿಯ ಒಂದು ಪ್ಯಾರಾ ಕೊಟ್ಟರು. ಹಸು ಮತ್ತು ಹುಲ್ಲಿನ ವಿಷಯ. ಇವರು ಬೆರಳಿಟ್ಟು ಶುರು ಮಾಡಿದರು. ಮೊದಲ ಪದದಲ್ಲೇ ನಿಂತರು. ನಾನು ಬಾಯಿಬಿಟ್ಟು ಹೇಳಿದೆ. ಎರಡನೆಯ ಪದಕ್ಕೂ ಹೇಳಿದೆ. ಮೂರನೆಯ ಸಲ ಡಾಕ್ಟರಮ್ಮ ನನ್ನ ಕಡೆ ತಿರುಗಿದರು.

"ಮೇಡಂ, ನೀವು ಸ್ವಲ್ಪ ಹೊರಗಡೆ ಕೂತ್ಕೊಳ್ತೀರಾ?"

ಹೊರಗೆ ಬೆಂಚಿನಲ್ಲಿ ಕೂತೆ. ಕಿಟಕಿಯಿಂದ ಇವರ ದನಿ ಕೇಳುತ್ತಿತ್ತು. ಇವರು ಓದುವುದನ್ನು ನಾನು ಕೇಳಿದ್ದು ಅದೇ ಮೊದಲು. ಒಂದು ಅಕ್ಷರ, ಆಮೇಲೆ ಸುಮ್ಮನೆ, ಮತ್ತೆ ಅದೇ ಅಕ್ಷರ. ಗೋಡೌನಿನಲ್ಲಿ ಭಾರ ಹೊತ್ತುಕೊಂಡು ಮೆಟ್ಟಿಲು ಹತ್ತುವವರ ಉಸಿರಿನಂತೆ. ಬಿಟ್ಟುಬಿಡುತ್ತಾರೆ ಎಂದುಕೊಂಡೆ. ಬಿಡಲಿಲ್ಲ. ಆ ಹಸು ಹುಲ್ಲು ತಿಂದು ಮುಗಿಸುವ ಹೊತ್ತಿಗೆ ನನ್ನ ಸೆರಗಿನ ಅಂಚನ್ನು ಹಲ್ಲಿನಿಂದ ಕಡಿದು ಹರಿದುಬಿಟ್ಟಿದ್ದೆ. ಹೊಸ ಸೀರೆ, ಸುಮ್ಮನೆ ಹಾಳಾಯಿತು.

ಮತ್ತೆ ಎರಡು ಸಲ ಬರಬೇಕಂತೆ.

೯ ಜನವರಿ ೨೦೧೮, ಮಂಗಳವಾರ

ಡಾಕ್ಟರಮ್ಮ ಇಬ್ಬರನ್ನೂ ಕೂರಿಸಿಕೊಂಡು ಹೇಳಿದರು. ಅದೇ. ಹುಟ್ಟಿನಿಂದ ಬಂದದ್ದು. ಬುದ್ಧಿಗೂ ಇದಕ್ಕೂ ಸಂಬಂಧವಿಲ್ಲ, ಕಣ್ಣಿಗೂ ಇಲ್ಲ. ಮಿದುಳು ಅಕ್ಷರ ಹಿಡಿಯುವ ರೀತಿ ಬೇರೆ. ವಾಸಿಯಾಗುವುದಿಲ್ಲ, ಆದರೆ ಬೇರೆ ರೀತಿಯಲ್ಲಿ ಕಲಿಸಿದರೆ ನಿಧಾನವಾಗಿ ಕಲಿಯಬಹುದು.

ಇವರು, "ಹಂಗಾರ ನಾ ದಡ್ಡ ಅಲ್ಲೇನ್ರಿ?" ಎಂದು ಕೇಳಿದರು.

"ಅಲ್ಲ" ಎಂದರು ಡಾಕ್ಟರಮ್ಮ.

ಇವರು ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತರು. ನಾನು ಸರ್ಟಿಫಿಕೇಟಿನ ವಿಷಯ ಕೇಳಿದೆ. ಹೊಸ ಕಾನೂನಿನಲ್ಲಿ ಇದನ್ನೂ ಅಂಗವೈಕಲ್ಯದ ಪಟ್ಟಿಗೆ ಸೇರಿಸಿದ್ದಾರಂತೆ. ಆದರೆ ಪರೀಕ್ಷೆ, ಪ್ರಮಾಣ ಎಲ್ಲವೂ ಶಾಲೆಯ ಮಕ್ಕಳನ್ನು ಲೆಕ್ಕಕ್ಕಿಟ್ಟು ಮಾಡಿದ್ದು. ವಯಸ್ಸಾದವರಿಗೆ ಹೊಸದಾಗಿ ಕೊಡಲು ದಾರಿ ಸದ್ಯ ಗೊತ್ತಿಲ್ಲ, ನನ್ನ ಅಭಿಪ್ರಾಯ ಬರೆದುಕೊಡುತ್ತೇನೆ, ಒಪ್ಪುವುದು ಬಿಡುವುದು ಅಂಗವಿಕಲರ ಕಚೇರಿಯವರಿಗೆ ಸೇರಿದ್ದು ಎಂದರು.

ಒಪ್ಪಲಿಲ್ಲ. ಮಧ್ಯಾಹ್ನ ಆ ಕಚೇರಿಗೇ ಹೋಗಿದ್ದೆವು. ಮೇಜಿನ ಹಿಂದಿದ್ದವರು ಸಭ್ಯರೇ. ಕಾಗದವನ್ನು ಎರಡು ಸಲ ಓದಿ, ಇದು ಮಕ್ಕಳಿಗಮ್ಮ, ಇವರಿಗೆ ಯಾವ ಕಾಲಂನಲ್ಲಿ ತುಂಬಲಿ ಹೇಳಿ ಎಂದು ನನ್ನನ್ನೇ ಕೇಳಿದರು. ನಾನು ಜಗಳ ಆಡಿದೆ. ದನಿ ಏರಿತು. ಜನ ತಿರುಗಿ ನೋಡಿದರು. ಹೊರಗೆ ಬಂದ ಮೇಲೆ ಇವರು, ಹೋಗ್ಲಿ ಬಿಡು, ಪರೀಕ್ಷಾ ಹಂಗ ಬರೀತೀನಿ ಎಂದರು.

ಚಿಕ್ಕಬಾಣಾವರದ ರೈಲಿನಲ್ಲಿ ಕೂತಾಗ ಇವರ ಮುಖದಲ್ಲಿ ಏನೋ ಹಗುರ. ಕಾಗದ ಸಿಗದೆ ಬಂದವರು ಹೀಗೆ ಇರುತ್ತಾರಾ? ನನಗಂತೂ ತಲೆ ಸಿಡಿಯುತ್ತಿತ್ತು.

೪ ಫೆಬ್ರವರಿ, ಭಾನುವಾರ

ಡಾಕ್ಟರಮ್ಮ ಹೇಳಿಕೊಟ್ಟ ರೀತಿಯಲ್ಲಿ ಗಂಗಮ್ಮ ಟೀಚರ್ ಕಲಿಸುತ್ತಿದ್ದಾರೆ. ದೊಡ್ಡ ತಟ್ಟೆಯಲ್ಲಿ ರಾಗಿ ಹಿಟ್ಟು ಹರಡಿ, ಬೆರಳಿನಿಂದ ಅಕ್ಷರ ತೀಡುತ್ತಾ ಜೋರಾಗಿ ಹೇಳಬೇಕು. ವಾರಕ್ಕೆ ಎರಡೇ ಅಕ್ಷರ. ಮನೆಯಲ್ಲೂ ಮಾಡಬೇಕಂತೆ. ಹಿಟ್ಟೆಲ್ಲ ನೆಲಕ್ಕೆ. ಬಳಿಯುವವಳು ನಾನು. ಅತ್ತೆ ಎಡಗೈಯಲ್ಲಿ ತಾವೂ ಒಂದು ತೀಡಿ ನಕ್ಕರು. ಪಟ್ಟಿ ಬಿಚ್ಚಿದ ಮೇಲೂ ಅವರ ಬಲಗೈ ಸರಿಯಾಗಿ ಮಡಚುತ್ತಿಲ್ಲ.

೧೯ ಫೆಬ್ರವರಿ

ಹಿಟ್ಟು ಗಂಟು ಗಂಟಾದರೆ ಅಕ್ಷರ ಒಡೆಯುತ್ತದೆ. ಎರಡು ಸಲ ಜರಡಿ ಹಿಡಿದು ಬೇರೆ ಡಬ್ಬಿಯಲ್ಲಿ ಇಟ್ಟೆ.

೨೦ ಮಾರ್ಚ್, ಮಂಗಳವಾರ

ಅತ್ತೆಯನ್ನು ಕಳಿಸಿದೆವು. ಯುಗಾದಿ ಮೊನ್ನೆ ಮುಗಿಯಿತು. ನೀಲಾಂಬಿಕಾಳ ಗಂಡ ಬಂದಿದ್ದ, ಅವನ ಜೊತೆ ಬಸ್ಸಿಗೆ ಹತ್ತಿಸಿದೆವು.

ಭಾನುವಾರ ಪರೀಕ್ಷೆ. ಅದು ಮುಗಿಯುವ ತನಕ ಅವ್ವ ಇರಲಿ ಎಂದು ಇವರು ಕೇಳಿದರು. ಒಂದೇ ಸಲ ಕೇಳಿದರು. ಟಿಕೆಟ್ ಆಗಿದೆ, ಅವರೂ ರಜೆ ಹಾಕಿ ಬಂದಿದ್ದಾರೆ ಎಂದೆ. ಟಿಕೆಟ್ ಆಗಿದ್ದೂ ನಿಜ, ಅವರು ರಜೆ ಹಾಕಿದ್ದೂ ನಿಜ.

ಬಸ್ಸಿನ ಕಿಟಕಿಯಿಂದ ಅತ್ತೆ ಕೈ ಚಾಚಿ ಇವರ ಗಲ್ಲ ಮುಟ್ಟಿ, "ಚೆಂದಗೆ ಬರಿಯಪ್ಪಾ" ಎಂದರು. ಮುರಿದ ಕೈಯಿಂದಲೇ ಮುಟ್ಟಿದರು.

ಮನೆ ದೊಡ್ಡದಾಗಿದೆ. ಇರುವುದು ಒಂದೂವರೆ ಕೋಣೆ.

೨೫ ಮಾರ್ಚ್, ಭಾನುವಾರ

ಶಾಲೆಯ ಗೇಟಿನ ಹೊರಗೆ ಕಾಯ್ದೆ. ಹೆಂಗಸರು ಒಬ್ಬೊಬ್ಬರಾಗಿ ನಗುತ್ತಾ ಹೊರಗೆ ಬಂದರು. ಇವರು ಕೊನೆಗೆ ಬಂದರು. ಅರ್ಧವೂ ಆಗಿರಲಿಲ್ಲವಂತೆ, ಸಮಯವಾಯಿತೆಂದು ಪೇಪರ್ ತೆಗೆದುಕೊಂಡರಂತೆ. ಗಂಗಮ್ಮ ಟೀಚರ್ ಇನ್ನು ಸ್ವಲ್ಪ ಹೊತ್ತು ಕೊಡಿ ಎಂದು ಕೇಳಿಕೊಂಡರೂ, ಮೇಲಿಂದ ಬಂದಿದ್ದವರು ನಿಯಮ ಇಲ್ಲ ಎಂದರಂತೆ.

"ಬಂದಿದ್ದು ಬರದೀನಿ. ಸುಳ್ಳು ಒಂದೂ ಬರದಿಲ್ಲ" ಎಂದರು.

ದಾರಿಯಲ್ಲಿ ಕಬ್ಬಿನ ಹಾಲು ಕುಡಿದೆವು.

೨ ಏಪ್ರಿಲ್, ಸೋಮವಾರ

ಕೇಂದ್ರ ಮುಚ್ಚಿತು. ಯೋಜನೆ ಮಾರ್ಚ್ ಕೊನೆಗೆ ಮುಗಿದಿದೆ, ಮುಂದಿನದು ಬಂದಾಗ ತಿಳಿಸುತ್ತೇವೆ ಎಂದು ಆದೇಶ. ಗಂಗಮ್ಮ ಟೀಚರ್ ಸ್ಲೇಟು, ಚಾಪೆ, ಪುಸ್ತಕ ಎಲ್ಲವನ್ನೂ ಆಟೋದಲ್ಲಿ ಹಾಕಿ ಒಪ್ಪಿಸಿ ಬಂದರು. ಕೊಠಡಿಗೆ ಬೀಗ. ಇವರು ಪಾಳಿ ಮುಗಿಸಿ ಎಂದಿನಂತೆ ಅಲ್ಲಿಗೆ ಹೋಗಿ, ಬೀಗ ನೋಡಿ ವಾಪಸು ಬಂದರು.

ಇಪ್ಪತ್ನಾಲ್ಕು ಅಕ್ಷರ ಆಗಿತ್ತು. ಇನ್ನು ಇಪ್ಪತ್ತೈದು ಉಳಿದಿತ್ತು.

೩೦ ಮೇ

ಪರೀಕ್ಷೆಯ ಫಲಿತಾಂಶ ಬಂತು. ಇವರ ಹೆಸರಿನ ಮುಂದೆ ಇನ್ನೂ ಸುಧಾರಿಸಬೇಕು ಎಂದಿದೆ. ನಪಾಸು ಎನ್ನುವುದಿಲ್ಲವಂತೆ, ಹೀಗೆ ಬರೆಯುತ್ತಾರಂತೆ. ಎಲ್ಲಿ ಸುಧಾರಿಸಬೇಕು, ಕೇಂದ್ರವೇ ಇಲ್ಲವಲ್ಲ. ನಾನು ಮನೆಯಲ್ಲಿ ತಟ್ಟೆ ಹಾಕಿ ಕೂರಿಸಿದೆ, ಉಳಿದ ಅಕ್ಷರ ನಾನೇ ಕಲಿಸುತ್ತೇನೆ ಎಂದು. ಹತ್ತು ನಿಮಿಷದಲ್ಲಿ ನನ್ನ ದನಿ ಏರಿತು. ಇವರು ತಟ್ಟೆ ಸರಿಸಿ ಎದ್ದರು. ಕಲಿಸುವುದು ಬೇರೆ ಕೆಲಸ. ಗಂಗಮ್ಮ ಟೀಚರ್ ದನಿ ಏರಿಸಿದ್ದನ್ನು ಇವರು ಕೇಳಿಯೇ ಇಲ್ಲವಂತೆ.

೧೬ ಜೂನ್, ಶನಿವಾರ

ಇವತ್ತಿನದನ್ನು ಪೂರ್ತಿ ಬರೆಯಬೇಕು.

ಚುನಾವಣೆಯೆಂದು ನಿಂತಿದ್ದ ಗ್ರಾಮಸಭೆ ಇವತ್ತು ಶಾಲೆಯ ಮೈದಾನದಲ್ಲಿ ನಡೆಯಿತು. ಶಾಮಿಯಾನ ಹಾಕಿದ್ದರು. ಹೋಗೋಣ ಬಾ ಎಂದು ಇವರು ಕರೆದರು. ಬಾಡಿಗೆಯವರಿಗೆ ಅಲ್ಲೇನು ಕೆಲಸ ಎಂದುಕೊಂಡೇ ಹೋದೆ. ಒಬ್ಬರು ಚರಂಡಿ ಎಂದರು, ಒಬ್ಬರು ಖಾತೆ ಎಂದರು, ಕುಡಿಯುವ ನೀರಿನ ಮಾತು ಬಂದಾಗ ಗಲಾಟೆಯಾಯಿತು. ಪಂಚಾಯಿತಿಯ ಪಿಡಿಒ ಎಲ್ಲರಿಗೂ ಉತ್ತರ ಹೇಳಿ ಸುಸ್ತಾಗಿದ್ದರು. ಇನ್ನು ಯಾರಾದರೂ ಇದ್ದೀರಾ ಎಂದು ಕೇಳಿ ಮುಗಿಸುವುದರಲ್ಲಿದ್ದರು.

ಇವರು ಎದ್ದು ನಿಂತರು. ನಾನು ಅಂಗಿಯ ತುದಿ ಹಿಡಿದೆಳೆದೆ. ಕೂರಲಿಲ್ಲ. ಯಾರೋ ಮೈಕು ಕೈಗೆ ಕೊಟ್ಟರು.

"ನನ್ನ ಹೆಸರು ಬಸಲಿಂಗ ರೀ. ಕುಷ್ಟಗಿ ಕಡೆಯಾಂವ. ನನಗ ಓದಾಕ ಬರಂಗಿಲ್ಲ."

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಬ್ಯಾಂಕಿನವರು, ರೇಷನ್ ಅಂಗಡಿಯವನು, ಹಾಲಿನವನು, ನನ್ನ ಜೊತೆ ಫ್ಯಾಕ್ಟರಿಗೆ ಬರುವ ಹೆಂಗಸರು, ಎಲ್ಲರೂ ಅಲ್ಲಿದ್ದರು.

ಇವರು ನಿಲ್ಲಿಸಲಿಲ್ಲ. ಓದು ಬರದೆ ತನ್ನ ತಾಯಿಗೆ ತಪ್ಪು ಮಾತ್ರೆ ಕೊಟ್ಟದ್ದನ್ನು ಹೇಳಿದರು. ಸಂಜೆ ಕೇಂದ್ರಕ್ಕೆ ಹೋದದ್ದು, ಆಸ್ಪತ್ರೆಗೆ ಹೋದದ್ದು ಹೇಳಿದರು. "ಇದಕ್ಕೊಂದು ಹೆಸರೈತಂತ. ಇಂಗ್ಲೀಷ್ ಹೆಸರು, ನನ್ನ ನಾಲಿಗಿಗೆ ಹೊಳ್ಳಂಗಿಲ್ಲ. ಸಣ್ಣ ಮಕ್ಕಳಿಗೆ ಇದ್ರ ಸರ್ಕಾರ ಕಾಗದ ಕೊಡ್ತೈತಿ. ನಾನೂ ಒಂದಾನೊಂದ್ ಕಾಲಕ್ಕ ಸಣ್ಣ ಹುಡುಗನ ಇದ್ದೆ ರೀ. ಆಗ ಯಾರೂ ಕೊಡಲಿಲ್ಲ. ಈಗ ಕೇಳಿದ್ರ ವಯಸ್ಸಾಗೇತಿ ಅಂತಾರ."

ಈ ಸಲ ಯಾರೂ ನಗಲಿಲ್ಲ. ಇವರು ಅಲ್ಲಿಗೆ ನಿಂತು ಮುಂದಿನ ಮಾತಿಗೆ ತಡಕಾಡಿದರು. ಪಿಡಿಒ ಸ್ವಲ್ಪ ಹೊತ್ತು ಕಾದು, ಪಕ್ಕದಲ್ಲಿದ್ದ ನನ್ನ ಕಡೆ ನೋಡಿದರು.

"ಏನಮ್ಮಾ, ನಿಮ್ಮ ಯಜಮಾನ್ರಾ? ಏನ್ ಬೇಕಂತೆ ಇವರಿಗೆ, ನೀವೇ ಹೇಳಿ."

ಹೇಳುವುದು ನನಗೆ ಹೊಸದಲ್ಲ. ಸಾರ್, ಅವರು ಹೇಳ್ತಿರೋದು ಏನಂದ್ರೆ ಎಂಬುದು ಬಾಯಿಯ ತನಕ ಬಂದಿತ್ತು. ಇವರ ಕಡೆ ನೋಡಿದೆ. ಆಸ್ಪತ್ರೆಯ ಕಿಟಕಿಯಿಂದ ಕೇಳಿದ್ದ ಅದೇ ಉಸಿರು. ನಿಂತಿದ್ದರು, ಬಿಟ್ಟಿರಲಿಲ್ಲ.

"ಅವರನ್ನೇ ಕೇಳಿ ಸಾರ್" ಎಂದೆ. "ಸ್ವಲ್ಪ ಟೈಮ್ ಕೊಡಿ. ಹೇಳ್ತಾರೆ."

ಹೇಳಿದರು. ಕೊಠಡಿಯ ಬೀಗ ತೆಗೆಸಬೇಕು, ಗಂಗಮ್ಮ ಟೀಚರ್ ಅಲ್ಲೇ ಕಲಿಸುವಂತಾಗಬೇಕು. ತನ್ನಂಥ ದೊಡ್ಡವರಿಗೂ ಪರೀಕ್ಷೆ ಮಾಡಿ ಕಾಗದ ಕೊಡಬೇಕೆಂದು ಸಭೆಯಿಂದ ಮೇಲಕ್ಕೆ ಬರೆಯಬೇಕು. ಮನೆ ಮಾಲೀಕ ಚಿಕ್ಕಬೈರಪ್ಪ ಮುಂದಿನ ಸಾಲಿನಿಂದ, "ಅದ್ನ ಬರ್ಕಳಿ ಸಾಮಿ, ನಮ್ ಮನೇಲೇ ಅವ್ರೆ ಅವ್ರು" ಎಂದರು. ಪಿಡಿಒ ಬರೆಸಿಕೊಂಡರು. ಕಾಗದದ ವಿಷಯ ನನ್ನ ಕೈಯಲ್ಲಿಲ್ಲ, ನಡಾವಳಿಯಲ್ಲಿ ಸೇರಿಸಿ ಕಳಿಸುತ್ತೇನೆ, ಉತ್ತರ ಬರುತ್ತದೋ ಇಲ್ಲವೋ ಹೇಳಲಾರೆ ಎಂದರು. ಕೊಠಡಿ ಶಾಲೆಯದು, ಆದರೆ ಪಂಚಾಯಿತಿ ಗ್ರಂಥಾಲಯದ ಕೋಣೆ ವಾರಕ್ಕೆ ಎರಡು ಸಂಜೆ ಕೊಡಬಹುದು ಎಂದರು.

ಮನೆಗೆ ಬಂದು ಸಾರಿಗೆ ಉಪ್ಪು ಎರಡು ಸಲ ಹಾಕಿಬಿಟ್ಟೆ. ಇವರು ಹಾಗೇ ಉಂಡರು.

೧೯ ಜೂನ್

ಎದುರು ಸಾಲಿನ ಕೊಟ್ರಪ್ಪ ಬಂದಿದ್ದ. ಸೆಂಟ್ರಿಂಗ್ ಕೆಲಸದವನು, ಮಕ್ಕಳ ಮದುವೆಯೂ ಆಗಿದೆ. ನನ್ನ ಹತ್ತಿರ ಏನೂ ಹೇಳಲಿಲ್ಲ. ಇವರನ್ನು ಹೊರಗೆ ಕರೆದು ಬಹಳ ಹೊತ್ತು ಮಾತಾಡಿ ಹೋದ. ಗುರುವಾರದಿಂದ ಗ್ರಂಥಾಲಯದ ಪಾಠಕ್ಕೆ ಅವನೂ ಬರುತ್ತಾನಂತೆ.

೨೭ ಜೂನ್, ಬುಧವಾರ

ಗಂಗಾವತಿಗೆ ಹೋಗಿ ಅತ್ತೆಯನ್ನು ಕರೆದುಕೊಂಡು ಬಂದೆ. ಅಲ್ಲಿ ಕಾಲುವೆಗೆ ನೀರು ಬಿಡುವ ಹೊತ್ತು, ಸೊಳ್ಳೆ ಕಾಟ. ವಯಸ್ಸಾದವರಿಗೆ ಆಗುವುದಿಲ್ಲ.

ನೀಲಾಂಬಿಕಾ, ಅಲ್ಲಿ ಮಾತ್ರೆ ಯಾರು ಕೊಡ್ತಾರ ವೈನಿ ಎಂದು ಕೇಳಿದಳು. ಅವರ ಮಗ ಕೊಡುತ್ತಾರೆ ಎಂದೆ. ತಿಳಿಯದಿದ್ದರೆ ಮುನಿಯಕ್ಕನನ್ನು ಕೇಳುತ್ತಾರೆ.

೧೪ ಜುಲೈ, ಶನಿವಾರ

ಆರ್ಡರ್ ಕಡಿಮೆಯೆಂದು ಫ್ಯಾಕ್ಟರಿಗೆ ರಜೆ ಕೊಟ್ಟಿದ್ದರು. ಡಾಕ್ಟರಮ್ಮ ತಿಂಗಳಿಗೊಂದು ಶನಿವಾರ ಬನ್ನಿ, ಸರ್ಕಾರದ ಲೆಕ್ಕದಲ್ಲಿ ಇದೇನೂ ಇಲ್ಲ, ನನ್ನ ಬಿಡುವಿನಲ್ಲಿ ಹೇಳಿಕೊಡುತ್ತೇನೆ ಎಂದಿದ್ದರು. ಇವರು ಬೆಳಿಗ್ಗೆ ಎದ್ದು ಅಂಗಿ ಇಸ್ತ್ರಿ ಮಾಡಿಕೊಂಡರು. ನಾನು ರೊಟ್ಟಿ ಕಟ್ಟಿಕೊಟ್ಟೆ. ಒಬ್ಬರೇ ಹೋದರು.

"ಒಬ್ನ ಹ್ವಾದ್ನೇನು?" ಎಂದು ಅತ್ತೆ ಕೇಳಿದರು. ಹೂಂ ಎಂದೆ.

ಬಟ್ಟೆ ಒಗೆದೆ. ಅವಲಕ್ಕಿ ಒಗ್ಗರಣೆ ಹಾಕಿದೆ, ಅತ್ತೆ ಎರಡು ಸಲ ಹಾಕಿಸಿಕೊಂಡರು. ಆಮೇಲೆ ಸ್ವಲ್ಪ ಅಡ್ಡಾಗೋಣ ಎಂದು ಮಲಗಿದವಳಿಗೆ ನಿದ್ದೆ ಹತ್ತಿಬಿಟ್ಟಿದೆ. ಅತ್ತೆ ಬಂದು ಎಬ್ಬಿಸಿದಾಗ ದೀಪ ಹಚ್ಚುವ ಹೊತ್ತು. ಇವರು ಆಗಲೇ ಬಂದು ಕೈಕಾಲು ತೊಳೆದು ಕೂತಿದ್ದರು.

ಹೋಗುವಾಗ ತಪ್ಪು ಬಸ್ ಹತ್ತಿದ್ದರಂತೆ. ಕಂಡಕ್ಟರ್ ರೇಗಿ, ಬೋರ್ಡ್ ಕಾಣಲ್ವೇನ್ರೀ ಎಂದನಂತೆ. ಕಾಣತೈತಿ, ಓದಾಕ ಬರಂಗಿಲ್ಲ, ಕಲ್ಯಾಕತ್ತೀನಿ ಎಂದರಂತೆ. ಅವನು ಮುಂದಿನ ಸ್ಟಾಪಿನಲ್ಲಿ ತಾನೇ ಇಳಿದು, ಸರಿಯಾದ ಬಸ್ಸಿಗೆ ಹತ್ತಿಸಿದನಂತೆ. ಅತ್ತೆ ಇದನ್ನು ಎರಡು ಸಲ ಹೇಳಿಸಿಕೊಂಡು ಕೇಳಿದರು.

ಮಧ್ಯಾಹ್ನ ಹೀಗೆ ನಿದ್ದೆ ಬಂದು ಎಷ್ಟು ವರ್ಷವಾಗಿತ್ತೋ. ಏಕೆ ಬಂತೋ ಗೊತ್ತಿಲ್ಲ. ಮೋಡ ಕವಿದಿತ್ತಲ್ಲ, ಅದಕ್ಕೇ ಇರಬೇಕು.